ಅರಬ್ಬಿ ಡಬ್ಬದ ಒಂದು ಲೀಟರ್

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಪೊಟ್ಯಾಶು, ಪೆಟ್ರೋಲಿಯಂ ಈಥರು ಅಂತ ದೊಡ್ಡ ಮಾತುಗಳು ಬರುವಾಗ ನೀವು ನನ್ನನ್ನು ಯಾವುದೋ ವಿಜ್ಞಾನಿ ಎಂದು ತಿಳಿದುಕೊಂಡೀರಿ. ಒಂದು ಒಳ್ಳೆಯ ಡೀಸೆಲ್ ಕಾರಿನ ಎಂಜಿನ್ ಸೀಜ್ ಆದದ್ದಕ್ಕೆ ಅರ್ಧ ಕಾರಣ ಒಂದು ಲೀಟರ್ ಎಣ್ಣೆ, ಉಳಿದರ್ಧ ನನ್ನ ಗಂಟಲು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಒಂದು ಎಂಜಿನ್ ಆಯಿಲ್ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವನೆಂದು ಧಣಿ ನನ್ನನ್ನು ಗಿರಾಕಿಗಳಿಗೆ "ನಮ್ಮ ಕೆಮಿಸ್ಟ್" ಎಂದು ಪರಿಚಯಿಸುತ್ತಿದ್ದರು. ನಾನು ಅಲ್ಲಿ ಮಾಡುತ್ತಿದ್ದ ಕೆಮಿಸ್ಟ್ರಿ ಎಂದರೆ ಡಬ್ಬಗಳ ಧೂಳು ಒರೆಸುವುದು. ನನ್ನ ನಿಜವಾದ ವಿದ್ಯೆ ಮಿಮಿಕ್ರಿ. ವಿಟ್ಲ ಬಸ್ಸಿನ ಕಂಡಕ್ಟರ್, ತಾಲೂಕು ಕಚೇರಿಯ ಗುಮಾಸ್ತ, ಬಂಧುಬಳಗದ ಅತ್ತೆಯರು, ಯಾರನ್ನೂ ಬಿಟ್ಟವನಲ್ಲ. ಅದರಲ್ಲೂ ಧಣಿಯ ಸ್ವರ ನನ್ನ ಕಿಸೆಯಲ್ಲೇ ಇತ್ತು. ಎರಡು ಸಲ ಗಂಟಲು ಸರಿಮಾಡಿಕೊಳ್ಳಬೇಕು, "ವಿಷಯ ಏನೂಂತ ಹೇಳಿದ್ರೆ" ಎಂದು ಶುರು ಮಾಡಬೇಕು, "ಆಯ್ತಾ? ಆಯ್ತು" ಎಂದು ಪ್ರಶ್ನೆಯನ್ನೂ ಉತ್ತರವನ್ನೂ ತಾನೇ ಹೇಳಿ ಮುಗಿಸಬೇಕು. ಮನೆಯಲ್ಲಿ ತುಳು ಮಾತಾಡುವ ಧಣಿ ಫೋನು ಕೈಗೆ ಬಂದದ್ದೇ ಪಾಠಪುಸ್ತಕದ ಕನ್ನಡಕ್ಕೆ ಇಳಿಯುತ್ತಿದ್ದರು. ಅದು ನನಗೆ ಇನ್ನೂ ಸುಲಭ.

ಒಂದು ಮಧ್ಯಾಹ್ನ ಧಣಿ ಊಟಕ್ಕೆ ಹೋಗಿದ್ದಾಗ ಫೋನು ಬಂತು. ಗುರುವಾಯನಕೆರೆಯ ಗ್ಯಾರೇಜಿನ ಮೇಸ್ತ್ರಿ. ಕರಾವಳಿಯ ಬ್ಯಾರಿ ಮುಸ್ಲಿಮರು, ಸೌದಿಯ ವರ್ಕ್‌ಶಾಪಿನಲ್ಲಿ ಹದಿನೈದು ವರ್ಷ ಎಂಜಿನ್ ಬಿಚ್ಚಿ ಕಟ್ಟಿ, ಇನ್ನು ಸಾಕೆಂದು ಊರಿಗೆ ಬಂದು ಸ್ವಂತ ಗ್ಯಾರೇಜು ಹಾಕಿ ಎರಡು ವರ್ಷವಾಗಿತ್ತು. ನಾನು ಅವರನ್ನು ಕಾಕ ಎಂದು ಕರೆಯುತ್ತಿದ್ದೆ.

"ಹಲೋ, ಧಣಿ ಉಂಟಾ?"

ನಾನು ಎರಡು ಸಲ ಗಂಟಲು ಸರಿಮಾಡಿಕೊಂಡೆ. "ವಿಷಯ ಏನೂಂತ ಹೇಳಿದ್ರೆ, ನಾನೇ ಮಾತಾಡುವುದು."

ಅವರೆಂದರು: "ಹೋಟೆಲಿನ ಯಜಮಾನ್ರ ಹೊಸ ಡೀಸೆಲ್ ಕಾರಿಗೆ ಎಣ್ಣೆ ಬದಲು ಮಾಡ್ತಾ ಇದ್ದೇನೆ. ಐದು ಲೀಟರ್ ಬೇಕು. ನಿಮ್ಮ ಸಿಂಥೆಟಿಕ್ ಡಬ್ಬ ನಾಲ್ಕು ಲೀಟರಿನದ್ದು. ಒಂದು ಲೀಟರಿನದ್ದು ಬಸ್ಸಲ್ಲಿ ಕಳಿಸ್ಲಿಕ್ಕಾಗ್ತದಾ?"

"ಸಣ್ಣ ಡಬ್ಬ ಮುಗಿದಿದೆ ಕಾಕ. ಸೋಮವಾರ ಬರ್ತದೆ."

"ನನ್ನ ಹತ್ರ ಸೌದಿಯಿಂದ ಕಾರ್ಗೋದಲ್ಲಿ ಬಂದದ್ದು ಒಂದು ಡಬ್ಬ ಉಂಟು. ಚೀಟಿ ಅರ್ಧ ಹರಿದಿದೆ, ಉಳಿದದ್ದು ಅರಬ್ಬಿ. ಫುಲ್ ಸಿಂಥೆಟಿಕ್ ಅಂತ ಮಾತ್ರ ಇಂಗ್ಲಿಷಲ್ಲಿ ಕಾಣ್ತದೆ. ಅದನ್ನು ಒಂದು ಲೀಟರ್ ಸೇರಿಸಿದ್ರೆ ಆದೀತಾ?"

ಇಲ್ಲಿ ನಾನು ಫೋನಿಟ್ಟು, ಕಾಕ, ತಮಾಷೆ ಮಾಡಿದೆ, ಧಣಿ ಬಂದ ಮೇಲೆ ಕೇಳಿ ಎನ್ನಬಹುದಿತ್ತು. ಆದರೆ ವೇಷ ಕಟ್ಟಿದವನಿಗೆ ಅರ್ಧದಲ್ಲಿ ಕಿರೀಟ ಇಳಿಸಲು ಮನಸ್ಸು ಬರುತ್ತದೆಯೇ?

"ಸಿಂಥೆಟಿಕ್ಕಿಗೆ ಸಿಂಥೆಟಿಕ್. ಎರಡೂ ಒಂದೇ ಜಾತಿ ಕಾಕ, ಧೈರ್ಯದಲ್ಲಿ ಹಾಕಿ. ಆಯ್ತಾ? ಆಯ್ತು."

"ಹಾಗಾದ್ರೆ ಹಾಕ್ತೇನೆ," ಎಂದರು ಅವರು.

ಐದನೆಯ ದಿನ ಆ ಕಾರು ಅಳದಂಗಡಿ ದಾಟಿದ ಮೇಲಿನ ಏರಿನಲ್ಲಿ ನಿಂತಿತು. ಯಜಮಾನರು ಮಗಳ ನಿಶ್ಚಿತಾರ್ಥಕ್ಕೆಂದು ಮೂಡುಬಿದಿರೆಗೆ ಹೊರಟವರು. ಬೆಳ್ತಂಗಡಿಯಲ್ಲಿ ಅವರ ಹೋಟೆಲಿನ ಚಾ ಕುಡಿಯದವರಿಲ್ಲ. ಅಂಥವರು ಆ ದಿನ ಹರಿವಾಣ, ಹಿಂಗಾರ, ರೇಷ್ಮೆ ಸೀರೆಗಳ ಸಮೇತ ಮೂರು ರಿಕ್ಷಾಗಳಲ್ಲಿ ಬೀಗರ ಅಂಗಳದಲ್ಲಿ ಇಳಿದರು. ಎಂಜಿನ್ ಹೋದದ್ದಕ್ಕಿಂತ ಹಾಗೆ ಇಳಿದದ್ದು ಅವರಿಗೆ ಹೆಚ್ಚು ಉರಿದಿತ್ತು.

ಮರುದಿನ ಭಾನುವಾರ. ಗ್ಯಾರೇಜಿನಲ್ಲಿ ಯಜಮಾನರು, ಧಣಿ, ಮೇಸ್ತ್ರಿ, ಧಣಿಯ ಬೆನ್ನಿಗೆ ನಾನು. ಮೇಸ್ತ್ರಿ ಎಂಜಿನ್ನಿನ ಅಡಿಯ ಎಣ್ಣೆತೊಟ್ಟಿಯನ್ನು ಬಿಚ್ಚಿ ನಮ್ಮೆದುರಿಗೆ ಇಟ್ಟರು. ಎಣ್ಣೆ ಹರಿಯಬೇಕಾದಲ್ಲಿ ಕಪ್ಪಗೆ ಅಲುಗುವ ಏನೋ ಒಂದು ಕೂತಿತ್ತು. ಎಣ್ಣೆ ಹೀರುವ ಜಾಲರಿಯ ಕಣ್ಣುಗಳೆಲ್ಲ ಮುಚ್ಚಿಹೋಗಿದ್ದವು.

"ಇದೆಂಥ ಎಣ್ಣೆಯಾ, ರಾಗಿಮಣ್ಣಿಯಾ?" ಎಂದರು ಯಜಮಾನರು.

"ವಿಷಯ ಏನೂಂತ ಹೇಳಿದ್ರೆ ಯಜಮಾನ್ರೇ, ನಮ್ಮ ಡಬ್ಬದಲ್ಲಿ ದೋಷ ಇರ್ಲಿಕ್ಕಿಲ್ಲ. ಕಂಪೆನಿಯ ಸೀಲು ಉಂಟು. ಮೇಸ್ತ್ರಿಯನ್ನು ಕೇಳಿ," ಎಂದರು ಧಣಿ.

ಮೇಸ್ತ್ರಿ ಅಡಗಿಸಲಿಲ್ಲ. "ಧಣಿಯದ್ದು ನಾಲ್ಕು ಲೀಟರ್, ನನ್ನದು ಒಂದು. ಎರಡರ ಮೇಲೂ ಸಿಂಥೆಟಿಕ್ ಅಂತ ಉಂಟು. ಕೇಳಿಯೇ ಹಾಕಿದ್ದು."

"ಯಾರನ್ನು ಕೇಳಿದ್ದು?"

ನಾನು ಧಣಿಯ ಬೆನ್ನಿನ ಹಿಂದೆ ಇನ್ನಷ್ಟು ಸರಿದೆ. ಮೇಸ್ತ್ರಿ ಹತ್ತಿಯ ಉಂಡೆಯಿಂದ ಬೆರಳು ಒಂದೊಂದಾಗಿ ಒರೆಸಿಕೊಂಡರು. ಧಣಿಯ ಕಡೆ ನೋಡಲಿಲ್ಲ. "ಗೊತ್ತಿದ್ದವರನ್ನು," ಎಂದರು ಅಷ್ಟೆ.

"ಧಣಿ, ನೀವೇ ಹೇಳಿದ್ದಲ್ವಾ ಫೋನಲ್ಲಿ" ಎಂದು ಅವರು ಯಾಕೆ ಹೇಳಲಿಲ್ಲ? ಹೇಳಿದ್ದರೆ ಧಣಿ ಇಲ್ಲವೆನ್ನುತ್ತಿದ್ದರು, ಮಾತು ಬೆಳೆದು ಐದೇ ನಿಮಿಷದಲ್ಲಿ ನನ್ನ ಕುತ್ತಿಗೆಗೆ ಬರುತ್ತಿತ್ತು. ಆ ಒಂದು ಪ್ರಶ್ನೆ ನನ್ನನ್ನು ಮುಂದಿನ ವಾರವಿಡೀ ತಿಂದಿತು.

ಯಜಮಾನರು ಎದ್ದು ನಿಂತರು. "ಬರುವ ಭಾನುವಾರ ಇಲ್ಲಿಯೇ ಸೇರುವ. ಅಷ್ಟರೊಳಗೆ ಯಾರ ಎಣ್ಣೆ ಅಂತ ಗೊತ್ತಾಗ್ಬೇಕು. ಅಂಗಡಿಯ ಡಬ್ಬ ಡೂಪ್ಲಿಕೇಟ್ ಆದ್ರೆ ಅಂಗಡಿಗೆ ಬಾಗಿಲು. ಮೇಸ್ತ್ರಿಯ ಡಬ್ಬ ಆದ್ರೆ ಈ ಗ್ಯಾರೇಜಿಗೆ ಇನ್ನು ಬೆಳ್ತಂಗಡಿಯ ಒಂದು ಸೈಕಲ್ಲೂ ಬರ್ಲಿಕ್ಕಿಲ್ಲ."

ಅದು ಬರೀ ಗುಡುಗಲ್ಲ. ಶಾಲೆಯ ವ್ಯಾನುಗಳು, ನೆಂಟರ ಜೀಪುಗಳು, ಹೋಟೆಲಿನ ಗಾಡಿಗಳು, ಆ ಗ್ಯಾರೇಜಿನ ಮುಕ್ಕಾಲು ಕೆಲಸ ಅವರ ಒಂದು ಮಾತಿನ ಮೇಲೆ ನಿಂತಿತ್ತು. ಎಣ್ಣೆಯನ್ನು ಪರೀಕ್ಷೆಗೆ ಕಂಪೆನಿಗೆ ಕಳಿಸಿದರೆ ಉತ್ತರ ಬರಲು ತಿಂಗಳು ಬೇಕು. ಧಣಿ ನನ್ನ ಹೆಗಲು ಹಿಡಿದು ಮುಂದಕ್ಕೆ ತಳ್ಳಿದರು: "ನಮ್ಮ ಕೆಮಿಸ್ಟ್ ಉಂಟಲ್ಲ. ಇವ ನೋಡ್ತಾನೆ."

ಕಳ್ಳನ ಕೈಗೇ ಪಂಚನಾಮೆ.

ಮೂರು ಬಾಟಲಿ ಕಟ್ಟಿಕೊಂಡೆ. ಒಂದರಲ್ಲಿ ನಮ್ಮ ಅಂಗಡಿಯ, ಅದೇ ಪೆಟ್ಟಿಗೆಯ ಸೀಲು ಒಡೆಯದ ಡಬ್ಬದಿಂದ ತೆಗೆದ ಎಣ್ಣೆ. ಇನ್ನೊಂದರಲ್ಲಿ ಅರಬ್ಬಿ ಡಬ್ಬದ ತಳದಲ್ಲಿ ಉಳಿದಿದ್ದ ಎಣ್ಣೆ. ಮೂರನೆಯದರಲ್ಲಿ ತೊಟ್ಟಿಯ ಆ ಕಪ್ಪು ಮಣ್ಣಿ. ಬಾಟಲಿ ಕೊಡುವಾಗ ಮೇಸ್ತ್ರಿ ತಮ್ಮ ಬ್ಯಾರಿ ಮಾತಿನಲ್ಲಿ ಮಗನೇ ಎಂದು ಕರೆದು ಹೇಳಿದ್ದು ಇಷ್ಟು: "ಮೋನೇ, ನನ್ನ ಕಡೆಗೂ ಬೇಡ, ಧಣಿಯ ಕಡೆಗೂ ಬೇಡ. ಸರಿಯಾಗಿ ನೋಡು."

ಮೂಡುಬಿದಿರೆಯ ಕಾಲೇಜಿಗೆ ಆಗ ರಜೆ. ನನಗೆ ಪಾಠ ಹೇಳಿದ್ದ ಮೇಡಂ ಮಾತ್ರ ಲ್ಯಾಬಿನಲ್ಲಿದ್ದರು. ಹಿಂದೆ ಕಾಲೇಜು ವಾರ್ಷಿಕೋತ್ಸವದಲ್ಲಿ ಅವರೆದುರೇ ಅವರ ಮಿಮಿಕ್ರಿ ಮಾಡಿದವ ನಾನು. ಬ್ಯುರೆಟ್ಟಿನಿಂದ ಬಿಡುವ ಹಾಗೆ ಒಂದೊಂದೇ ತೊಟ್ಟು ಮಾತಾಡುವವರು. ಎಲ್ಲ ಕೇಳಿ, ಅಂದರೆ ಫೋನಿನ ವಿಷಯ ಬಿಟ್ಟು ಉಳಿದದ್ದೆಲ್ಲ ಕೇಳಿ, ಕೀಲಿಕೈ ಕೊಟ್ಟರು. "ಇಲ್ಲಿ ನಿನ್ನ ಸ್ವರ ಬೇಡ. ಕೈ ಸಾಕು."

ಅವರು ಮೊದಲು ನನ್ನ "ಒಂದೇ ಜಾತಿ"ಯ ಮರ್ಯಾದೆ ತೆಗೆದರು. ಎಂಜಿನ್ ಆಯಿಲಿನಲ್ಲಿ ಹೆಚ್ಚಿನ ಪಾಲು ಬೇಸ್ ಆಯಿಲ್, ಉಳಿದದ್ದು ಸೇರಿಸಿದ ಮದ್ದುಗಳು. ನೆಲದ ಕಚ್ಚಾ ತೈಲವನ್ನು ಭಾರೀ ಒತ್ತಡದಲ್ಲಿ ಹೈಡ್ರೋಜನ್ ಕೊಟ್ಟು ಚೊಕ್ಕ ಮಾಡಿದರೂ ಡಬ್ಬದ ಮೇಲೆ ಸಿಂಥೆಟಿಕ್ ಎಂದು ಬರೆಯುತ್ತಾರೆ. ಸಣ್ಣ ಅಣುಗಳನ್ನು ಕಾರ್ಖಾನೆಯಲ್ಲಿ ಪೋಣಿಸಿ ಕಟ್ಟಿದ ಪಿ.ಎ.ಓ. ಎಂಬುದಕ್ಕೂ ಅದೇ ಹೆಸರು. ಎಸ್ಟರಿಗೂ ಅದೇ, ಪಾಲಿಗ್ಲೈಕಾಲಿಗೂ ಅದೇ. ಮೊದಲ ಮೂರು ಒಂದರಲ್ಲೊಂದು ಬೆರೆಯುತ್ತವೆ. ಪಾಲಿಗ್ಲೈಕಾಲ್ ಹೆಚ್ಚಾಗಿ ಕಂಪ್ರೆಸರಿಗೆ, ಗೇರಿಗೆ. ಅದು ಉಳಿದವುಗಳ ಜೊತೆ ಪಂಕ್ತಿಯಲ್ಲಿ ಕೂರುವುದಿಲ್ಲ.

"ಹೆಸರು ಒಂದು, ಮನೆ ನಾಲ್ಕು. ನಿನ್ನದು ಯಾವ ಮನೆ, ಹುಡುಕು," ಎಂದರು.

ಸೋಮವಾರ ಸಾಂದ್ರತೆ ನೋಡಿದೆ. ನಮ್ಮ ಎಣ್ಣೆ ನೀರಿಗಿಂತ ಸಾಕಷ್ಟು ಹಗುರ, ಇರಬೇಕಾದ ಹಾಗೆಯೇ. ಅರಬ್ಬಿ ಎಣ್ಣೆ ಮಾತ್ರ ಹತ್ತಿರ ಹತ್ತಿರ ನೀರಿನಷ್ಟೇ ಭಾರ. ಆದರೆ ಭಾರದ ಎಣ್ಣೆ ಎರಡು: ಎಸ್ಟರ್ ಆಗಿರಬಹುದು, ಪಾಲಿಗ್ಲೈಕಾಲ್ ಆಗಿರಬಹುದು. ಎಸ್ಟರ್ ಆದರೆ ಬೆರೆಯುತ್ತದೆ, ಆಗ ನಾನು ಫೋನಿನಲ್ಲಿ ಹೇಳಿದ್ದು ಸರಿ. ಪರೀಕ್ಷೆಗೆ ಕೂತವನು ದೇವರಿಗೆ ಕೈ ಮುಗಿಯುವುದುಂಟು. ನಾನು ಎಸ್ಟರಿಗೆ ಮುಗಿದೆ.

ಎಸ್ಟರನ್ನು ಹಿಡಿಯಲು ಸಾಬೂನಿನ ಪರೀಕ್ಷೆ ಉಂಟು. ಆಲ್ಕೋಹಾಲಿನಲ್ಲಿ ಕರಗಿಸಿದ ಪೊಟ್ಯಾಶಿನ ಜೊತೆ ಎಣ್ಣೆಯನ್ನು ಗಂಟೆಗಟ್ಟಲೆ ಕುದಿಸಬೇಕು. ಎಸ್ಟರ್ ಆದರೆ ಸಾಬೂನಾಗುತ್ತ ಪೊಟ್ಯಾಶನ್ನು ತಿನ್ನುತ್ತದೆ. ಕೊನೆಗೆ ಆಮ್ಲ ಬಿಟ್ಟು ಉಳಿದ ಪೊಟ್ಯಾಶು ಎಷ್ಟೆಂದು ಅಳೆಯಬೇಕು. ಮಂಗಳವಾರ ಆಮ್ಲ ಬಿಟ್ಟೆ. ಪೊಟ್ಯಾಶು ಇರುವಷ್ಟು ಹೊತ್ತು ನಿಲ್ಲುವ ಗುಲಾಬಿ ಬಣ್ಣ ನಾನು ಎಣಿಸಿದ್ದಕ್ಕಿಂತ ಬೇಗ ಮಾಯವಾಯಿತು. ಪೊಟ್ಯಾಶು ಖರ್ಚಾಗಿದೆ! ಎಸ್ಟರ್! ಖಾಲಿ ಲ್ಯಾಬಿನಲ್ಲಿ ಧಣಿಯ ಸ್ವರದಲ್ಲೇ ಕೂಗಿದೆ: "ವಿಷಯ ಏನೂಂತ ಹೇಳಿದ್ರೆ, ನಾನು ನಿರಪರಾಧಿ! ಆಯ್ತಾ? ಆಯ್ತು!"

ಬಾಗಿಲಲ್ಲಿ ಮೇಡಂ ನಿಂತಿದ್ದರು. ನಾನು ಯಾವ ಅಪರಾಧದಿಂದ ಮುಕ್ತನಾದೆ ಎಂದು ಕೇಳಲಿಲ್ಲ. ಒಂದೇ ತೊಟ್ಟು ಬಿಟ್ಟರು: "ಬ್ಲಾಂಕ್ ಮಾಡಿದ್ದೀಯಾ?"

ಮಾಡಿರಲಿಲ್ಲ. ಎಣ್ಣೆಯೇ ಇಲ್ಲದೆ ಬರೀ ಪೊಟ್ಯಾಶನ್ನು ಅಷ್ಟೇ ಹೊತ್ತು ಕುದಿಸಿ ಅಳೆಯಬೇಕಿತ್ತು. ಅದನ್ನು ಬಿಟ್ಟು, ಬಾಟಲಿಯ ಚೀಟಿಯಲ್ಲಿ ಬರೆದಿದ್ದ ಶಕ್ತಿಯನ್ನೇ ನಂಬಿ ಲೆಕ್ಕ ಹಾಕಿದ್ದೆ. ಬುಧವಾರ ಬ್ಲಾಂಕ್ ಕುದಿಸಿದೆ. ಗಾಳಿ ಕುಡಿದು ಕುಡಿದು ಆ ಹಳೆಯ ಪೊಟ್ಯಾಶೇ ಅರ್ಧ ಸತ್ತಿತ್ತು. ಅದನ್ನು ಕಳೆದರೆ ಅರಬ್ಬಿ ಎಣ್ಣೆ ತಿಂದದ್ದು ಎಲೆಯ ತುದಿಯ ಉಪ್ಪಿನಷ್ಟು. ಅದು ಸೇರಿಸಿದ ಮದ್ದುಗಳಿಂದಲೂ ಆಗಿರಬಹುದು.

ಎರಡು ಎಣ್ಣೆಯೂ ಬೆರೆಯುತ್ತವೆಯೇ ಎಂಬ ಮುಖ್ಯ ಪ್ರಶ್ನೆ ಅಲ್ಲಿಗೇ ಬೆತ್ತಲಾಗಿ ನಿಂತಿತ್ತು. ನಾನು ಮುಖ ತಿರುಗಿಸಿದೆ. "ಮೊದಲು ನಮ್ಮ ಅಂಗಡಿಯ ಎಣ್ಣೆ ನೋಡುವ ಮೇಡಂ. ಯಜಮಾನ್ರು ಡೂಪ್ಲಿಕೇಟ್ ಅಂದಿದ್ದಾರಲ್ಲ," ಎಂದೆ. ಅದು ಸುಳ್ಳಲ್ಲ, ಆದರೆ ನನ್ನ ಕಾರಣ ಅದಾಗಿರಲಿಲ್ಲ.

ನಮ್ಮ ಎಣ್ಣೆಯ ಬೇಸ್ ಆಯಿಲ್ ನೋಡಬೇಕಾದರೆ ಅದರಲ್ಲಿ ಸೇರಿಸಿದ ಪಾಲಿಮರುಗಳನ್ನು ಬೇರ್ಪಡಿಸಬೇಕು. ಚಳಿಗೆ ಹೆಪ್ಪುಗಟ್ಟದ ಹಾಗೆ ತಡೆಯುವ ಮದ್ದು ಅದರಲ್ಲಿರುತ್ತದೆ. ಸಾಧಾರಣ ಎಣ್ಣೆಗೂ ಅದು ಒಳ್ಳೆಯ ವೇಷ ತೊಡಿಸುತ್ತದೆ. ಉಪಾಯ ಮೇಡಂ ಹೇಳಿದರು. ತೆಳು ರಬ್ಬರಿನ ಚೀಲದಲ್ಲಿ ಎಣ್ಣೆ ಕಟ್ಟಿ ಪೆಟ್ರೋಲಿಯಂ ಈಥರಿನಲ್ಲಿ ತೂಗುಹಾಕಿದರೆ, ಸಣ್ಣ ಅಣುಗಳ ಬೇಸ್ ಆಯಿಲ್ ರಬ್ಬರನ್ನು ನುಸುಳಿ ಹೊರಗೆ ಬರುತ್ತದೆ, ದಪ್ಪ ಪಾಲಿಮರು ಒಳಗೇ ಉಳಿಯುತ್ತದೆ.

ರಬ್ಬರ್! ಬೆಳ್ತಂಗಡಿ ತಾಲೂಕಿನಲ್ಲಿ ಓಡಾಡುವವನಿಗೆ ರಬ್ಬರಿಗೆ ಬರವೇ? ಅಂದೇ ಸಂಜೆ ಅಳದಂಗಡಿಯ ಗೆಳೆಯನ ತೋಟದಿಂದ ರಬ್ಬರ್ ಹಾಲು ತಂದು, ಗಾಜಿನ ನಳಿಗೆಯನ್ನು ಅದ್ದಿ ಒಣಗಿಸಿ, ನನ್ನ ಕೈಯಾರೆ ಒಂದು ಚೀಲ ಮಾಡಿದೆ. ಗುರುವಾರ ಬೆಳಿಗ್ಗೆ ಎಣ್ಣೆ ತುಂಬಿ ಈಥರಿಗೆ ಇಳಿಸಿದೆ. ಮಧ್ಯಾಹ್ನಕ್ಕೆ ಚೀಲವೇ ಇರಲಿಲ್ಲ. ಹಸಿ ರಬ್ಬರು ಅದರಲ್ಲಿ ಉಬ್ಬಿ ಕರಗುತ್ತದೆ ಎಂದು ಪಿ.ಯು.ಸಿ. ಮಕ್ಕಳೂ ಹೇಳುತ್ತಾರೆ. ಈಥರು, ಎಣ್ಣೆ, ಸ್ವದೇಶಿ ರಬ್ಬರು ಎಲ್ಲ ಸೇರಿ ಪಾಯಸ.

"ಗಂಧಕ ಹಾಕಿ ಬೇಯಿಸಿದ ರಬ್ಬರ್ ಬೇಕು ಮಾರಾಯ," ಎಂದರು ಮೇಡಂ. ಅವರ ಬಾಯಲ್ಲಿ ಮಾರಾಯ ಕೇಳಿದ್ದು ಅದೊಂದೇ ಸಲ. "ಔಷಧ ಅಂಗಡಿಯಲ್ಲಿ ಆಪರೇಷನ್ ಗ್ಲೌಸ್ ಸಿಗ್ತದೆ. ಬೆರಳು ಕತ್ತರಿಸು."

ಹೆಬ್ಬೆರಳಿಗೆ ನಮ್ಮ ಎಣ್ಣೆ. ತೋರುಬೆರಳಿಗೆ ಹೋಲಿಸಿ ನೋಡಲೆಂದು ಸಾದಾ ಲಾರಿಯ ಎಣ್ಣೆ. ಎರಡರ ಬಾಯಿಗೂ ನೂಲು ಕಟ್ಟಿ ಈಥರಿಗೆ ಇಳಿಬಿಟ್ಟು, ಬೆಂಕಿ ಹತ್ತಿರ ಬರದಂತೆ ಕಾವಲು ಕೂತೆ. ಈಥರು ಹಳದಿಯಾದ ಹಾಗೆ ಬದಲಿಸುತ್ತಾ ಹೋದೆ. ಶುಕ್ರವಾರ ಬೆಳಿಗ್ಗೆ ಈಥರನ್ನು ಆವಿಮಾಡಿ ಹಾರಿಸಿದಾಗ ಬೇಸ್ ಆಯಿಲ್ ತಳದಲ್ಲಿ ಉಳಿಯಿತು. ಬೆರಳುಗಳ ಒಳಗೆ ಜೇನಿನಂಥ ಅಂಟು.

ಇನ್ನು ಚಳಿ. ಮಾರ್ಕೆಟಿನಲ್ಲಿ ಮೀನಿನ ಅಕ್ಕನ ಹತ್ತಿರ ಐಸು ಕೇಳಿದರೆ ಅವಳು ತುಳುವಿನಲ್ಲಿ ಗದರಿದಳು: "ದಾನೆ ಮಗಾ, ಐಸ್ ಮಾತ್ರನಾ? ಮೀನು ಬೊಡ್ಚಾ?" ಮೀನು ಬೇಡವೆನ್ನಲು ಧೈರ್ಯ ಸಾಲದೆ ನಾಲ್ಕು ಬಂಗುಡೆಯನ್ನೂ ಕಟ್ಟಿಸಿಕೊಂಡೆ. ಐಸಿಗೆ ಕಲ್ಲುಪ್ಪು ಬೆರೆಸಿ ನಳಿಗೆಗಳನ್ನು ಹೂತೆ. ಮೈನಸ್ ಹತ್ತಕ್ಕೇ ಲ್ಯಾಬಿನ ಥರ್ಮಾಮೀಟರು ಕೈಮುಗಿಯಿತು. ಡಬ್ಬದಿಂದ ನೇರ ತೆಗೆದ ನಮ್ಮ ಎಣ್ಣೆ ಅಲ್ಲಿಯೂ ಮೆಲ್ಲಗೆ ಹರಿಯಿತು. ಮದ್ದು ಕಳೆದುಕೊಂಡ ಅದರ ಬೇಸ್ ಆಯಿಲ್ ಮಾತ್ರ ಮೊದಲು ಮಂಜಾಯಿತು, ಆಮೇಲೆ ನಿಂತೇ ಹೋಯಿತು. ಪೋಣಿಸಿ ಕಟ್ಟಿದ ಪಿ.ಎ.ಓ. ಆಗಿದ್ದರೆ ಹಾಗೆ ಸೋಲುತ್ತಿರಲಿಲ್ಲ. ಹಾಗೆಂದು ಲಾರಿ ಎಣ್ಣೆಯೂ ಅಲ್ಲ. ಅದು ಇದಕ್ಕಿಂತ ಎಷ್ಟೋ ಮೊದಲೇ ಬೆಣ್ಣೆಯಾಗಿತ್ತು. ಅನಿಲೀನ್ ಎಂಬ ದ್ರಾವಕದಲ್ಲಿ ಅದು ಎಷ್ಟು ಬಿಸಿಗೆ ಕರಗುತ್ತದೆಂದು ನೋಡಿದಾಗಲೂ ಅದೇ ಸಾಕ್ಷಿ ಸಿಕ್ಕಿತು. ನಮ್ಮದು ಡೂಪ್ಲಿಕೇಟ್ ಅಲ್ಲ. ಚೆನ್ನಾಗಿ ಚೊಕ್ಕ ಮಾಡಿದ ನೆಲದೆಣ್ಣೆ, ಸಿಂಥೆಟಿಕ್ಕಿನ ಮಿಮಿಕ್ರಿ ಮಾಡುತ್ತಿತ್ತು ಅಷ್ಟೆ. ನನ್ನದೇ ಕುಲದ್ದು. ಆದರೆ ಎಂಜಿನ್ ಕೆಡಿಸುವಂಥದ್ದಲ್ಲ.

ಧಣಿ ಪಾರಾದರು. ಉಳಿದದ್ದು ಮೇಸ್ತ್ರಿ, ಮತ್ತು ನಾನು.

ಮೇಡಂ ನನ್ನ ಪುಸ್ತಕವನ್ನು ಪುಟ ತಿರುವಿ ನೋಡಿದರು. "ಐದು ದಿನ ಆಯ್ತು. ನಾಲ್ಕಕ್ಕೆ ಒಂದು ಬೆರೆಸಿ, ಕಾಯಿಸಿ, ತಣಿಸಿ ನೋಡಿದ್ದೀಯಾ?"

ನಾನು ಬಂಗುಡೆಯ ಕಟ್ಟನ್ನು ಮೇಜಿನ ಕೆಳಗೆ ಸರಿಸಿದೆ.

"ಮೊದಲ ದಿನ ಒಂದೇ ಗಂಟೆಯಲ್ಲಿ ಮಾಡಬಹುದಾಗಿದ್ದ ಪ್ರಯೋಗ ಇದು. ಯಾಕೆ ಮಾಡ್ಲಿಲ್ಲ?"

ನಳಿಗೆಗೆ ನಮ್ಮ ಎಣ್ಣೆ ನಾಲ್ಕು ಅಳತೆ, ಅರಬ್ಬಿ ಎಣ್ಣೆ ಒಂದು ಅಳತೆ ಹಾಕಿದೆ. ಕುಲುಕಿದೆ, ಹಾಲಿನ ಹಾಗೆ ಬೆಳ್ಳಗಾಯಿತು. ಲ್ಯಾಬಿನ ಓವನ್ನಿನಲ್ಲಿ ಎಂಜಿನ್ ಕಾಯುವಷ್ಟು ಕಾಯಿಸಿ, ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಎದುರಿಗೆ ಕೂತೆ. ಅರ್ಧ ಗಂಟೆಯೊಳಗೆ ತಳದಲ್ಲಿ ಒಂದು ಗೆರೆ ಕಂಡಿತು. ಕಣ್ಣುಜ್ಜಿ ನೋಡಿದೆ. ಗೆರೆ ಅಲ್ಲಿಯೇ ಇತ್ತು. ಮೇಲೆ ನಮ್ಮದು, ಕೆಳಗೆ ಅರಬ್ಬಿ, ನಡುವೆ ಬೂದು ಬಣ್ಣದ ಅಂಟು. ಎಂಜಿನ್ನಿನಲ್ಲೂ ಭಾರದ ಎಣ್ಣೆ ಹೀಗೆಯೇ ತಳಕ್ಕಿಳಿದು ಜಾಲರಿಯನ್ನು ಕಟ್ಟಿತ್ತು. ಅದು ಎಸ್ಟರ್ ಅಲ್ಲ, ಪಾಲಿಗ್ಲೈಕಾಲ್, ಕಂಪ್ರೆಸರಿನ ಎಣ್ಣೆ.

ಶನಿವಾರ ವರದಿ ಬರೆದೆ. ಒಂದು ಪುಟ, ಒಂದಕ್ಷರ ಸುಳ್ಳಿಲ್ಲ. ಅಂಗಡಿಯ ಎಣ್ಣೆಯಲ್ಲಿ ದೋಷವಿಲ್ಲ, ಅರಬ್ಬಿ ಡಬ್ಬದ ಎಣ್ಣೆ ಬೆರೆಯುವ ಜಾತಿಯದ್ದಲ್ಲ. ಆ ಪುಟವನ್ನು ಓದಿದರೆ ಧಣಿಗೆ ಸಂತೋಷ, ಯಜಮಾನರಿಗೆ ಸಮಾಧಾನ, ನನಗೆ ಶಾಬಾಸು, ಮೇಸ್ತ್ರಿಗೆ ಬಾಗಿಲು. ಮೇಡಂ ಓದಿದರು, ಸಹಿ ಹಾಕಲಿಲ್ಲ.

"ಬೆರೆಸಿದ್ದು ಯಾಕೆ ಅಂತ ಇದರಲ್ಲಿ ಇಲ್ಲ."

"ಅದು ಲ್ಯಾಬಿನ ವಿಷಯ ಅಲ್ಲ ಮೇಡಂ."

"ವಿಧಾನ ಬರೆಯುವುದು ಮೊದಲ ಹೆಜ್ಜೆಯಿಂದ. ಮೂರನೆಯದರಿಂದ ಅಲ್ಲ. ಮಂಗಳವಾರ ನೀನು ಕೂಗಿದ್ದು ನನಗೆ ಕೇಳಿದೆ."

ಪೆನ್ನು ನನ್ನ ಕಡೆಗೆ ಸರಿಸಿ ಅವರು ಕಿಟಕಿ ಮುಚ್ಚಲು ಹೋದರು. ನಾನು ಪುಟದ ಮೇಲಂಚಿನಲ್ಲಿ ಉಳಿದಿದ್ದ ಎರಡು ಬೆರಳಿನಷ್ಟು ಜಾಗದಲ್ಲಿ ಬರೆದೆ: "ಈ ಎರಡು ಎಣ್ಣೆಗಳನ್ನು ಬೆರೆಸಬಹುದೆಂದು ಅಂಗಡಿಯ ಫೋನಿನಲ್ಲಿ, ಧಣಿಯ ಸ್ವರದಲ್ಲಿ ಹೇಳಿದವನು ಕೆಳಗೆ ಸಹಿ ಮಾಡಿದ ನಾನೇ." ಆಮೇಲೆ ಮೇಡಂ ಸಹಿ ಹಾಕಿದರು.

ಭಾನುವಾರ ಗ್ಯಾರೇಜಿನಲ್ಲಿ ಅದೇ ನಾಲ್ವರು. ಎರಡು ಪದರದ ನಳಿಗೆಯನ್ನು ಕಾರಿನ ಬಾನೆಟ್ಟಿನ ಮೇಲೆ ನಿಲ್ಲಿಸಿ, ವರದಿಯನ್ನು ಮೇಲಂಚಿನಿಂದಲೇ ಓದಿದೆ. ಧಣಿಯ ಮುಖಕ್ಕೆ ಮೊದಲು ಏನೂ ಅರ್ಥವಾಗಲಿಲ್ಲ, ಆಮೇಲೆ ಎಲ್ಲವೂ ಅರ್ಥವಾಯಿತು. ಯಜಮಾನರು ನಂಬಲಿಲ್ಲ.

"ಹುಡುಗನ ಮೇಲೆ ತಪ್ಪು ಹೊರಿಸಿ ತಪ್ಪಿಸಿಕೊಳ್ಳುವ ಉಪಾಯವಾ? ಎಲ್ಲಿ, ಹೇಳಿ ತೋರಿಸು."

ನಾನು ಸಾವಿರ ಸಲ ಮಾಡಿದ ಐಟಮ್ಮು. ಧಣಿ ಎರಡು ಮಾರು ದೂರದಲ್ಲಿ ಕೂತಿದ್ದಾರೆ. ಗಂಟಲು ಎರಡು ಸಲ ಸರಿಮಾಡಿಕೊಂಡೆ. ಒಂದು ಸಲ ನಿಜವಾಗಿಯೂ ಬೇಕಿತ್ತು. "ವಿಷಯ ಏನೂಂತ ಹೇಳಿದ್ರೆ, ಸಿಂಥೆಟಿಕ್ಕಿಗೆ ಸಿಂಥೆಟಿಕ್. ಎರಡೂ ಒಂದೇ ಜಾತಿ ಕಾಕ, ಧೈರ್ಯದಲ್ಲಿ ಹಾಕಿ. ಆಯ್ತಾ? ಆಯ್ತು."

ಯಾರೂ ನಗಲಿಲ್ಲ. ನನ್ನ ಜೀವಮಾನದಲ್ಲಿ ಅದಕ್ಕಿಂತ ಚೆನ್ನಾಗಿ ಬಂದದ್ದೂ ಇಲ್ಲ. ಧಣಿ ತಮ್ಮ ಸ್ವರ ಅಲ್ಲಿಯೇ ಇದೆಯೇ ಎಂದು ನೋಡುವವರ ಹಾಗೆ ಗಂಟಲು ಮುಟ್ಟಿಕೊಂಡರು.

ಯಜಮಾನರು ಮೇಸ್ತ್ರಿಯ ಕಡೆ ತಿರುಗಿದರು. "ಸರಿ, ಇವ ಹೇಳಿದ್ದು ಹೌದು. ಆದ್ರೆ ಮಕ್ಕಳ ಮಿಮಿಕ್ರಿಗೆ ಮೋಸ ಹೋಗುವ ಮೇಸ್ತ್ರಿಯ ಕೈಗೆ ನಾನು ಇನ್ನು ಎಂಜಿನ್ ಕೊಡ್ಬೇಕಾ?"

ಅದಕ್ಕೆ ಮೇಸ್ತ್ರಿ ಕೊಟ್ಟ ಉತ್ತರದಿಂದ ವಿಷಯ ಮುಗಿಯಿತು. ಆ ಎಂಜಿನನ್ನು ಬಿ‌ಚ್ಚಿ ಕಟ್ಟಿದ್ದು ಅದೇ ಗ್ಯಾರೇಜಿನಲ್ಲಿ, ಅದರ ಜಾಲರಿ ತೊಳೆದು ಅಂಟು ಕೆರೆದವನು ನಾನು. ಧಣಿ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಫೋನಿನಿಂದ ತೆಗೆದರು. ಯಜಮಾನರ ಮಗಳ ಮದುವೆಯ ದಿಬ್ಬಣ ಅದೇ ಕಾರಿನಲ್ಲಿ ಹೊರಟಿತು. ಆದರೆ ಆ ಭಾನುವಾರ, ಬೆರಳುಗಳನ್ನು ಮತ್ತೆ ಒಂದೊಂದಾಗಿ ಒರೆಸಿಕೊಳ್ಳುತ್ತ, ಮೇಸ್ತ್ರಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ಹೀಗೆ:

"ಮೋಸ ಹೋಗ್ಲಿಲ್ಲ ಯಜಮಾನ್ರೇ. ಧಣಿ ನನ್ನನ್ನು ಒಂದು ದಿನವೂ ಕಾಕ ಅಂತ ಕರೆದವರಲ್ಲ, ಫೋನು ಹಿಡಿದದ್ದು ಇವ ಅಂತ ಗೊತ್ತಿದ್ದೇ ಕೇಳಿದ್ದು. ಓದಿದ ಹುಡುಗ ಹೇಳಿದ ಅಂತ ಹಾಕಿದೆ. ಧಣಿಯೇ ಹೇಳಿದ್ದಿದ್ರೆ ಹಾಕ್ತಿರ್ಲಿಲ್ಲ."